ಬೇಡದ ಚಿಗುರು

ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆ, ಹಳೇ ವಿಲ್ಲಾ ಒಂದನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟ ಮನೆ ನಮ್ಮದು. ಅಂಗಳ ಅಂತ ಇರುವುದು ಒಂದು ಚಾಪೆ ಹಾಸುವಷ್ಟು ಜಾಗ. ಅಲ್ಲೊಂದು ಐದೆಸಳಿನ ಕೆಂಪು ದಾಸವಾಳ ಉಂಟು, ಎಂಥ ಬಿಸಿಲಿಗೂ ಜಗ್ಗದ್ದು. ಅದಕ್ಕೆ ಅಮ್ಮನ ಗಿಡವನ್ನು ಕಸಿ ಕಟ್ಟುವ ಹುಚ್ಚು ನನಗೆ ಹಿಡಿಯಿತು.

ಅಮ್ಮನದು ಮುದ್ದೆ ದಾಸವಾಳ. ನಸುಗೆಂಪು, ಎಸಳಿನ ಮೇಲೆ ಎಸಳು. ಕಡ್ಡಿ ನೆಟ್ಟರೆ ಬೇರು ಬಿಡುವ ಜಾತಿಯಲ್ಲ. ಅಮ್ಮ ಊರಿಗೆಲ್ಲ ಕೊಟ್ಟರೂ ಒಬ್ಬರ ಮನೆಯಲ್ಲೂ ಹಿಡಿದಿರಲಿಲ್ಲ. ಉಡುಪಿ ಹತ್ತಿರದ ನಮ್ಮ ಮನೆ ಎದುರಿನ ರಸ್ತೆ ಅಗಲ ಮಾಡುವಾಗ ಅಂಗಳ ಪೂರ್ತಿ ಹೋಯಿತು. ಅಮ್ಮ ಮಂಗಳೂರಿಗೆ, ಅಣ್ಣನ ಫ್ಲ್ಯಾಟಿಗೆ ಬಂದಳು. ಅಂಗಳ ಹೋದದ್ದಕ್ಕೆ ತುಟಿಪಿಟಕ್ಕೆನ್ನದವಳು ಆ ಗಿಡಕ್ಕೆ ಅತ್ತಳು. ಜೆಸಿಬಿ ಬರುವ ಮುಂಚೆ ನಾನು ಕೆಲವು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೂಟ್‌ಕೇಸಿನೊಳಗೆ ಹಲಸಿನ ಹಪ್ಪಳದ ಪಕ್ಕ ಇಟ್ಟು ತಂದಿದ್ದೆ.

ಕಸಿ ಕಟ್ಟಿಕೊಟ್ಟದ್ದು ಪಕ್ಕದ ಪಾಲಿನಲ್ಲಿದ್ದ, ನಮ್ಮ ಕರಾವಳಿ ಕಡೆಯ ಬ್ಯಾರಿ ಹೆಂಗಸು. ನಾನು ಅಕ್ಕ ಎನ್ನುತ್ತಿದ್ದೆ. ನಮ್ಮ ಕೆಂಪು ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದು, ಕಡಿದ ಕಾಂಡಗಳ ತಲೆ ಸೀಳಿ, ನಾನು ತಂದ ಕಡ್ಡಿಗಳ ತುದಿ ಓರೆಯಾಗಿ ಕೆತ್ತಿ ಸಿಕ್ಕಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದರು. ಉಳಿದವು ಒಣಗಿದವು, ಒಂದು ಮಾತ್ರ ಹಿಡಿಯಿತು. "ಕಟ್ಟಿದ ಜಾಗದಿಂದ ಕೆಳಗೆ ಚಿಗುರು ಬಂದ್ರೆ ಚಿವುಟ್ಬೇಕು ಆಯ್ತಾ, ಇಲ್ದಿದ್ರೆ ಅದೇ ಎಲ್ಲ ಕುಡಿದು ಮೇಲಿನದನ್ನ ಸಾಯಿಸ್ತದೆ" ಅಂದರು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಂದಿನಿಂದ ಅವಳದ್ದು ಒಂದೇ ಪ್ರಶ್ನೆ: "ಹೂ ಬಿಟ್ಟಿತಾ? ಒಂದ್ಸಲ ನೋಡಿದ್ರೆ ಸಾಕಿತ್ತು."

ಬೇಸಿಗೆ ರಜೆ ಬಂತು. ಇಲ್ಲಿ ಎಲ್ಲರ ಹಾಗೆ ನಾನೂ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಟೆ, ನಮ್ಮವರು ಡ್ಯೂಟಿಗೆ ಉಳಿದರು. ಫ್ರಿಡ್ಜಿನಲ್ಲಿ ಕಣ್ಣೆದುರಿನ ಮೊಸರು ಕಾಣದ ಮನುಷ್ಯ ಇವರು. ಅದು ಗೊತ್ತಿದ್ದೂ ಹೊರಡುವ ಗಡಿಬಿಡಿಯಲ್ಲಿ, "ನೀರು ಹಾಕಿ, ಬೇಡದ ಚಿಗುರು ತೆಗೀರಿ, ದೇವರಿಗೆ ದೀಪ ಮರೀಬೇಡಿ" ಅಂದದ್ದಷ್ಟೆ. ಬೇಡದ್ದು ಯಾವುದು ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ರಜೆ ಮುಗಿಯುತ್ತಾ ಬಂದಾಗ ಒಂದು ದಿನ ಇವರ ವಿಡಿಯೋ ಕಾಲ್ ಬಂತು. ಅಮ್ಮ ಪಕ್ಕದಲ್ಲೇ ಇದ್ದಳು. "ನೋಡಿ ಅತ್ತೆ, ನಿಮ್ಮ ಗಿಡ!" ಅಂತ ಫೋನ್ ತಿರುಗಿಸಿದರು. ಗಿಡದ ತುಂಬ ಹೂ. ಕೆಂಪು, ಐದೆಸಳು.

"ಮೇಲೆ ಒಂದು ಬಡಕಲು ಕೊಂಬೆ ಇತ್ತು, ಮೊಗ್ಗೂ ಇಲ್ಲ ಎಂತದೂ ಇಲ್ಲ. ಅದನ್ನ ತೆಗ್ದೆ" ಅಂದರು. "ಕೆಳಗಿನದ್ರಲ್ಲೆಲ್ಲ ಮೊಗ್ಗು. ದೇವರ ಹೂವಿನ ಕೊಂಬೆ ಕಡಿಯೋದು ಹೇಗೆ? ಇಲ್ಲಿ ನಲ್ಲಿ ತಿರುಗಿಸಿದ್ರೆ ಕುದಿಯೋ ನೀರು. ಬಕೆಟಿಗೆ ತುಂಬಿ ಎಸಿ ರೂಮಲ್ಲಿ ತಣ್ಣಗೆ ಮಾಡಿ ಹಾಕಿದ್ದೇನೆ."

ನನ್ನ ಬಾಯಲ್ಲಿ ಬೈಗುಳ ತಯಾರಿತ್ತು. ಅಮ್ಮ ನನ್ನ ಕೈ ಅದುಮಿ ಹಿಡಿದಳು. ಕನ್ನಡಕ ಹಾಕಿ ಫೋನನ್ನು ಹತ್ತಿರ ತಂದು ತುಂಬ ಹೊತ್ತು ನೋಡಿದಳು.

"ಚಂದ ಬಂದಿದೆ ಮಾರಾಯ್ರೆ. ನಮ್ಮದೇ ಹೂ" ಅಂದಳು.

ಫೋನಿಟ್ಟ ಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಅವರ ಹತ್ರ ಹೇಳ್ಬೇಡ. ಪಾಪ, ಆ ಬಿಸಿಲಲ್ಲಿ ನೀರು ಹಾಕಿದ್ದಾರೆ" ಅಂದಳು. ಆಮೇಲೆ ಯಾವ ಫೋನಿನಲ್ಲೂ ಅವಳು ಹೂವಿನ ಸುದ್ದಿ ಎತ್ತಲಿಲ್ಲ. ಅದೇ ನನಗೆ ಹೆಚ್ಚು ಸಂಕಟ. ಕೇಳಿದ್ದರೆ ಒಟ್ಟಿಗೆ ಕೂತು ಅಳಬಹುದಿತ್ತು. ಅದರ ಮುಂದಿನ ಮಳೆಗಾಲ ಅವಳು ತೀರಿಕೊಂಡಳು.

ಈಗ ನಮ್ಮವರು ದಿನಾ ಬೆಳಿಗ್ಗೆ ಸ್ನಾನ ಮಾಡಿ ಮೊದಲ ಹೂ ಕೊಯ್ದು ತಂದು ಅಮ್ಮನ ಫೋಟೋಗೆ ಇಡುತ್ತಾರೆ. "ಅತ್ತೆ, ನಿಮ್ಮದೇ ಹೂ" ಅನ್ನುತ್ತಾರೆ. ನಾನು ಪಕ್ಕದಲ್ಲಿ ನಿಂತು ದೀಪ ಹಚ್ಚುತ್ತೇನೆ. ಹೌದು ಅನ್ನುತ್ತೇನೆ.