ಬಾಗಿಲು ತಟ್ಟುವವಳು

ಆಸ್ಪತ್ರೆಯಲ್ಲಿ ಆಕೆಗೆ ಎಲ್ಲರೂ ಇಟ್ಟಿದ್ದ ಹೆಸರು ಬಾಗಿಲಮ್ಮ. ಯಾವ ಬಾಗಿಲೇ ಇರಲಿ, ತಟ್ಟಿ, "ಒಳಗೆ ಬರಲಾ?" ಎಂದು ಕೇಳಿ, ತುಸು ಕಾದು ಆಮೇಲಷ್ಟೇ ಕಾಲಿಡುತ್ತಿದ್ದಳು. ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದಾಗ, ನೋವು ತಿನ್ನುತ್ತಿದ್ದ ಹೆಂಗಸರನ್ನು ಮೈಮೇಲೆ ಬಟ್ಟೆಯಿಲ್ಲದೆ ಸಾಲಾಗಿ ಮಲಗಿಸಿದ್ದ ದೊಡ್ಡ ಡಾಕ್ಟರ ಮುಖದೆದುರೇ ಪರದೆ ಎಳೆದಿದ್ದಳು. ಆ ತಪ್ಪಿಗೆ ಅವಳನ್ನು ಕೈದಿಗಳ ವಾರ್ಡಿಗೆ ಹಾಕಿದರು. ಅಲ್ಲಿ ಕಂಬಿ ಬಾಗಿಲನ್ನೂ ತಟ್ಟಿದಳು. ಕಾವಲಿನವರು ಬಿದ್ದು ಬಿದ್ದು ನಕ್ಕರು. ಕೊನೆಗೆ, ಇನ್ನು ಯಾರನ್ನು ಕೇಳುತ್ತಾಳೋ ನೋಡೋಣ ಎಂದು ಶವಾಗಾರಕ್ಕೆ ಕಳಿಸಿದರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅಲ್ಲೂ ಕೇಳಿದಳು.

ಅಲ್ಲಿ ಉತ್ತರ ಬರುತ್ತಿರಲಿಲ್ಲ. ಮೌನವನ್ನೇ ಒಪ್ಪಿಗೆ ಎಂದುಕೊಂಡು ಒಳಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಮಾತ್ರ ಹಾಗಾಗಲಿಲ್ಲ. ವಿಚಾರಣೆ ಮುಗಿಯುವ ಮೊದಲೇ ಜ್ವರದಲ್ಲಿ ತೀರಿಕೊಂಡಿದ್ದ ಯುವಕ ಕೈದಿಯೊಬ್ಬನನ್ನು ಬೆಳಿಗ್ಗೆ ತಂದು ಮಲಗಿಸಿದ್ದರು. ಅವಳು ತಟ್ಟಿ, "ಒಳಗೆ ಬರಲಾ ಮಗಾ?" ಅಂದಳು.

ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾಯಿತು.

ಅವಳಿಗೆ ಮೈ ಜುಮ್ಮೆಂದಿತು. ಬಾಗಿಲು ತೆಗೆದು ನೋಡಿದರೆ ಏನೂ ಅಲುಗುತ್ತಿರಲಿಲ್ಲ. ಹೊದಿಕೆ ಸರಿಸಿದಳು. ಅವನ ಬಲಗಾಲಿಗೆ ಹಾಕಿದ್ದ ಸರಪಳಿಯನ್ನು ಸ್ಟ್ರೆಚರಿನ ಸರಳಿಗೆ ಬಿಗಿದಿದ್ದರು.

ಹೊರಗೆ ಬೆಂಚಿನ ಮೇಲೆ ಕಾವಲಿಗೆ ಕೂತಿದ್ದ ಪೊಲೀಸಪ್ಪನ ಬಳಿಗೆ ಬಂದಳು. "ಬೀಗ ತೆಗೀರಿ. ಅವರಮ್ಮ ಬರ್ತಾ ಇದ್ದಾರೆ."

"ಬೀಗದ ಕೈ ಇದೆ, ಆದೇಶ ಇಲ್ಲ. ಅದು ಬರೋವರೆಗೂ ಅವನು ನನ್ನ ಕಸ್ಟಡಿ."

"ಇನ್ನೆಲ್ಲಿಗೆ ಓಡ್ತಾನಪ್ಪಾ?"

"ರೂಲ್ಸು ರೂಲ್ಸೇ. ನನ್ನ ಕೆಲಸ ಹೋದ್ರೆ ಹೆಂಡ್ತಿ ಮಕ್ಕಳನ್ನ ನೀವು ಸಾಕ್ತೀರಾ?"

ಅಷ್ಟರಲ್ಲಿ ಕಾರಿಡಾರಿನ ತುದಿಯಲ್ಲಿ ತಾಯಿ ಕಾಣಿಸಿಕೊಂಡಳು. ಎದೆಗೆ ಒಗೆದು ಮಡಚಿದ ಅಂಗಿಯೊಂದನ್ನು ಅವಚಿಕೊಂಡಿದ್ದಳು. ಹೆತ್ತವಳು ಮಗನನ್ನು ಕಟ್ಟಿಹಾಕಿದ ದನದ ಹಾಗೆ ನೋಡುವುದೆಂದರೇನು! ಬಾಗಿಲಮ್ಮ ಬಾಗಿಲು ಎಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ನಿಮ್ಮ ಸರದಿ ಬಂದಾಗಲೂ ನಾನು ಬಾಗಿಲು ತಟ್ಟೇ ಒಳಗೆ ಬರ್ತೀನಿ ಸ್ವಾಮಿ," ಎಂದಳು ಮೆಲ್ಲಗೆ. "ಆಗ ನಿಮ್ಮ ಕಾಲಲ್ಲಿ ಏನಿರಬೇಕು, ಈಗಲೇ ಹೇಳಿಬಿಡಿ."

ಅವಳ ಬೆನ್ನ ಹಿಂದೆ, ಒಳಗೆ, ಸರಪಳಿ ಸದ್ದು ಮಾಡಿತು. ಈ ಸಲ ಅದು ಪೊಲೀಸಪ್ಪನಿಗೂ ಕೇಳಿಸಿತು. ಅವನ ಮುಖ ಬಿಳುಚಿಕೊಂಡಿತು. ಎದ್ದು ಒಳಗೆ ಹೋದ. ಎರಡು ಸಲ ಬೀಗದ ಕೈ ಜಾರಿಸಿ, ಮೂರನೆಯ ಸಲ ಬೀಗ ತೆಗೆದು ಸರಪಳಿ ಬಿಚ್ಚಿಕೊಂಡ. ಬಾಗಿಲಮ್ಮ ಕಾಲಲ್ಲಿ ಸರಪಳಿ ಒತ್ತಿದ ಗುರುತಿಗೆ ಎಣ್ಣೆ ಸವರಿ, ಹೊದಿಕೆ ಸರಿಪಡಿಸಿದಳು.

ಆಮೇಲೆ ತಾಯಿಯನ್ನು ಒಳಗೆ ಬಿಟ್ಟು, ಅಮ್ಮ ಮಗ ಇಬ್ಬರೇ ಇರಲಿ ಎಂದು ಬಾಗಿಲು ಮುಂದೆ ಮಾಡಿದಳು. ಒಳಗಿನಿಂದ ಸಣ್ಣ ದನಿಯ ಮಾತು ಕೇಳುತ್ತಿತ್ತು. ಅಂಗಿ ತಂದಿದ್ದೀನಿ, ಯಾಕಿಷ್ಟು ಬಡವಾಗಿದ್ದೀಯಾ, ಅಂತೆಲ್ಲ.

ಆಗ ಒಳಗಿನಿಂದ ಯಾರೋ ಬಾಗಿಲು ತಟ್ಟಿದರು.

ತಾಯಿ ಹೊರಡುತ್ತಿದ್ದಾಳೆಂದುಕೊಂಡು ಪೊಲೀಸಪ್ಪ ಬಾಗಿಲು ತೆಗೆದ. ತಾಯಿ ಕೋಣೆಯ ಆ ತುದಿಯಲ್ಲಿ, ಇತ್ತ ಬೆನ್ನು ಹಾಕಿ, ಮಗನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇನ್ನೂ ಮಾತಾಡುತ್ತಿದ್ದಳು. ಬಾಗಿಲ ಬಳಿ ಯಾರೂ ಇರಲಿಲ್ಲ.

ಬಾಗಿಲಮ್ಮ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಹೋಗಿ ಬಾ ಮಗಾ," ಎಂದಳು.

ಪೊಲೀಸಪ್ಪ ಸರಪಳಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಟೋಪಿ ತೆಗೆದು, ತಾನೂ ಸರಿದು ನಿಂತ.