ಬೆಂಕಿ ಬೇಡದ ಚಹಾ

ಬೆಳಗಾವಿಗೆ ಬಂದ ದಿನ ಮನೆಯೊಡತಿ ನನ್ನೊಡನೆ ಮರಾಠಿಯಲ್ಲಿ ಮಾತಾಡಿದರು. ನಾನು ಗಂಡನ ಮುಖ ನೋಡಿದೆ. ಆಮೇಲೆ ಕನ್ನಡದಲ್ಲಿ ಮಾತಾಡಿದರು. ಅದೂ ಅರ್ಥವಾಗಲಿಲ್ಲ. "ನಳ ಬಂದೈತಿ, ಲಗೂನ ನೀರು ಹಿಡಕೋರಿ" ಎಂದದ್ದು, ನಲ್ಲಿಯಲ್ಲಿ ನೀರು ಬಂದಿದೆ, ಬೇಗ ಹಿಡಿದುಕೊಳ್ಳಿ ಎಂದು ನನ್ನ ಗಂಡ ಬಿಡಿಸಿ ಹೇಳಿದರು. ಕೊಳ್ಳೇಗಾಲದ ಕಡೆಯವಳು ನಾನು. ರಾಜ್ಯ ದಾಟಿರಲಿಲ್ಲ, ಆದರೂ ಪರದೇಶಕ್ಕೆ ಬಂದಂತಾಯಿತು.

ಹಿಂದವಾಡಿಯಲ್ಲಿ ಆ ಮನೆಯೊಡತಿಯ ಮನೆಯ ಹಿಂದಿನ ಎರಡು ಕೋಣೆ ನಮ್ಮದು. ಅವರನ್ನು ಎಲ್ಲರೂ ಕಾಕು ಎನ್ನುತ್ತಾರೆ, ಚಿಕ್ಕಮ್ಮ ಎಂದು ಅರ್ಥ. ತವರು ಖಾನಾಪುರದ ಆಚೆಯ ನಂದಗಡ.

ನನ್ನ ಗಂಡ ಪಂಪು ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್. ಮದುವೆಯ ಮರುವರ್ಷ ಅವರನ್ನು ಕೆಲಸ ಕಲಿಯಲು ಮೂರು ತಿಂಗಳು ಜಪಾನಿಗೆ ಕಳಿಸಿದರು. ಬರುವಾಗ ಎರಡು ಡಬ್ಬಿ ಚಹಾ ಎಲೆ ತಂದರು. ಗ್ಯೊಕುರೊ ಎಂದು ಹೆಸರು. ಎಲೆ ಕೀಳುವ ಮೂರು ವಾರ ಮೊದಲೇ ಗಿಡಗಳ ಮೇಲೆ ಚಪ್ಪರ ಹಾಕಿ ಬಿಸಿಲು ತಪ್ಪಿಸುತ್ತಾರಂತೆ. ಆ ನೆರಳಿಗೆ ಎಲೆ ಕಡುಹಸಿರಾಗಿ, ಒಗರು ತಗ್ಗಿ ಸಿಹಿಯಾಗುತ್ತದಂತೆ. ನಾನು ಅದಕ್ಕೆ ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿಬಿಟ್ಟೆ. ಬೈಯಲಿಲ್ಲ. ಅಂದಿನಿಂದ ತಾವೇ ಮಾಡಿಕೊಂಡರು. "ಒಂದು ಗುಟುಕು ಕುಡಿದು ನೋಡೇ" ಎನ್ನುತ್ತಿದ್ದರು. ಪಾಚಿ ವಾಸನೆ ಎಂದು ನಾನು ಮುಖ ತಿರುಗಿಸುತ್ತಿದ್ದೆ.

ಹೋದ ಮಳೆಗಾಲದಲ್ಲಿ ಜ್ವರವೆಂದು ಆಸ್ಪತ್ರೆ ಸೇರಿದವರು ಐದನೆಯ ದಿನ ತೀರಿಕೊಂಡರು. ಊರಿನಿಂದ ಬರಲಾದದ್ದು ನನ್ನ ತಮ್ಮ ಒಬ್ಬನಿಗೇ. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚಬಾರದೆಂಬುದು ನಮ್ಮಲ್ಲೂ ಇದೆ, ಇಲ್ಲೂ ಇದೆ. ಊರಲ್ಲಾದರೆ ನೆಂಟರು ಅಡುಗೆ ತರುತ್ತಾರೆ. ಬಾಡಿಗೆ ಮನೆಗೆ ಯಾರು ತರುತ್ತಾರೆ ಎಂದುಕೊಂಡಿದ್ದೆ. ಕಾಕು ಎರಡೂ ಹೊತ್ತು ತಂದರು. ನಾನು ತಟ್ಟೆ ಮುಟ್ಟದೆ ಹಾಗೇ ವಾಪಸು ಕೊಟ್ಟೆ. ಮೂರನೆಯ ದಿನ ಮಧ್ಯಾಹ್ನ ಒಂದು ಬಟ್ಟಲು ಮಂಜುಗಡ್ಡೆ ಹಿಡಿದು ಬಂದರು.

"ಆ ಜಪಾನ್ ಚಾ ಎಲ್ಲೈತಿ? ತಗಿ."

"ಒಲೆ ಹಚ್ಚಬಾರದಲ್ಲ ಕಾಕು?"

"ಇದಕ್ಕ ಒಲಿ ಯಾಕ? ಬ್ಯಾಸಗ್ಯಾಗ ನಿನ್ನ ಗಂಡ ನಮ್ಮ ಫ್ರಿಜ್ಜಿನ ಬರ್ಫ ಒಯ್ದು ಹಿಂಗ ಮಾಡತಿದ್ದಾ. ನನಗೂ ಕುಡಿಸ್ಯಾನ. ನನ್ನ ಹೇಣ್ತಿ ಒಲ್ಲೆ ಅಂತಾಳ, ನೀವರ ಕುಡೀರಿ ಕಾಕು ಅಂದಾ."

ಎಲೆಯ ಮೇಲೆ ಮಂಜುಗಡ್ಡೆ ಇಟ್ಟು, ಅದು ಕರಗುವವರೆಗೆ ಮೂವರೂ ಕಾದು ಕೂತೆವು. ಬಹಳ ಹೊತ್ತಿನ ಮೇಲೆ ತಳದಲ್ಲಿ ನಾಲ್ಕಾರು ಚಮಚೆ ಹಸಿರು ನೀರು ನಿಂತಿತು. ಕುಡಿದೆ. ಅವರೆಕಾಳು ಬೇಯಿಸಿದ ಕಟ್ಟಿನ ರುಚಿ, ಅದರ ಹಿಂದೆ ಸಿಹಿ. ಇಷ್ಟಕ್ಕೆ ನಾನು ಒಂದು ವರ್ಷ ಮುಖ ತಿರುಗಿಸಿದ್ದೆ. ನನ್ನ ಗಂಡನ ಚಹಾವನ್ನು ನನಗೆ ಬೇರೆಯವರು ಕಲಿಸಬೇಕಾಯಿತು.

ತಮ್ಮ ನಾಲಿಗೆಗೆ ಮುಟ್ಟಿಸಿ, "ಥೂ, ಹುರುಳಿ ನೆನೆಸಿದ ನೀರು" ಎಂದ.

"ನಿನಗ ಸೇರಂಗಿಲ್ಲಂದ್ರ ಇತ್ತ ಕೊಡಪಾ ತಮ್ಮಾ, ದಂಡ ಮಾಡಬ್ಯಾಡ" ಎಂದು ಕಾಕು ಅವನ ಪಾಲನ್ನೂ ಕುಡಿದರು.

ಕಾರ್ಯ ಮುಗಿದ ಮೇಲೆ ತಮ್ಮ, "ಗಂಟು ಕಟ್ಟಕ್ಕ, ಊರಿಗೆ ಹೋಗಣ" ಎಂದ.

"ಇನ್ನೂ ಒಂದು ಡಬ್ಬಿ ಇದೆ. ಅದು ಮುಗಿದ ಮೇಲೆ ಬತ್ತೀನಿ."

"ಒಂದು ಡಬ್ಬಿ ಸೊಪ್ಪಿಗೋಸ್ಕರ ಇಲ್ಲಿ ಒಬ್ಳೇ ಇದ್ದೀಯಾ?"

ನಮ್ಮೂರಿನ ಬೋರಿನ ಉಪ್ಪು ನೀರಿಗೆ ಇದರ ರುಚಿ ಕೆಡುತ್ತದೆ ಎಂದೆ. ಅದು ನಿಜ. ನೆಪವೆಂಬುದೂ ಇಬ್ಬರಿಗೂ ಗೊತ್ತಿತ್ತು.

ಈಗ ಸೀರೆಗೆ ಫಾಲ್ ಹಚ್ಚುತ್ತೇನೆ. ಸಂಜೆಗೆ ಕತ್ತು ಬಿದ್ದುಹೋಗುತ್ತದೆ. ಆ ಚಹಾವನ್ನು ಬಿಸಿನೀರಿನಲ್ಲಿ ಮಾಡುವುದನ್ನೂ ಕಲಿತೆ. ಕುದಿದ ನೀರನ್ನು ಬಟ್ಟಲಿಂದ ಬಟ್ಟಲಿಗೆ ಸುರಿಯುತ್ತ, ಬಟ್ಟಲು ಕೈಗೆ ಬೆಚ್ಚಗೆ ಎನಿಸುವಷ್ಟು ಆರಿಸಬೇಕು. ಎಲೆಗೆ ಹಾಕಿ ಎರಡು ನಿಮಿಷ ಬಿಟ್ಟು, ಕೊನೆಯ ಹನಿಯವರೆಗೂ ಬಸಿಯಬೇಕು. ಆತುರಪಟ್ಟರೆ ಕಷಾಯ. ಮೊದಲ ತಿಂಗಳು ನಾನು ಕುಡಿದದ್ದೆಲ್ಲ ಕಷಾಯವೇ.

ಒಮ್ಮೆ ಕಾಕು ನಂದಗಡದ ಸಂತೆಗೆ ಕರೆದೊಯ್ದರು. ಮೆಣಸಿನಕಾಯಿ ಮಾರುವವಳು "ಯಾರ್ರೀ ಇಕಿ?" ಎಂದಳು. "ನಮ್ಮ ಮನಿಯಾಕಿ" ಎಂದರು. ಆಗ ಹಿತವೆನಿಸಿತು. ವಾಪಸು ಬರುವಾಗ ಬಸ್ಸಿನಲ್ಲಿ ಅದಕ್ಕೇ ಅಳು ಬಂತು.

ಹೋದ ವಾರ ಡಬ್ಬಿಯ ತಳ ಕಂಡಿತು. ಚಹಾ ಬಸಿದು ಎಲೆ ಚೆಲ್ಲಲು ಹೋದರೆ ಕಾಕು ಕೈ ಹಿಡಿದರು. "ಮೆಂತೇದ ತಪ್ಪಲಾ ಹಸೇದ ತಿಂತೀವಿ, ಇದೇನ್ ಮಹಾ!" ತಪ್ಪಲ ಎಂದರೆ ಸೊಪ್ಪು. ಈರುಳ್ಳಿ ಹೆಚ್ಚಿ, ಶೇಂಗಾ ಪುಡಿ, ಉಪ್ಪು, ಎಣ್ಣೆ ಕಲಸಿ ಪಚಡಿ ಮಾಡಿದರು. ಜೋಳದ ರೊಟ್ಟಿಯ ಜೊತೆ ಇಬ್ಬರೂ ತಿಂದೆವು. ಚೆನ್ನಾಗಿತ್ತು.

"ಆತು, ಮುಗೀತು. ತಮ್ಮಗ ಫೋನ್ ಮಾಡವಾ" ಎಂದು ನನ್ನ ಮುಖ ನೋಡದೆ ಒಳಗೆ ಹೋದರು.

ಭಾನುವಾರ ಎಸ್‌ಟಿಡಿ ಬೂತಿನಿಂದ ಊರಿನ ನಮ್ಮ ಪಕ್ಕದ ಮನೆಯ ನಂಬರಿಗೆ ಫೋನ್ ಮಾಡಿ ತಮ್ಮನನ್ನು ಕರೆಸಿದೆ. ಅವನು ಬರುವವರೆಗೆ ಫೋನಿನಲ್ಲಿ ನಮ್ಮೂರ ಬೀದಿಯ ಹೆಂಗಸರ ಮಾತು ಕೇಳುತ್ತಿತ್ತು. ಒಂದು ಪದವನ್ನೂ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಈಗಲೇ ಹೊರಟುಬಿಡೋಣ ಎನಿಸಿತು.

"ಡಬ್ಬಿ ಖಾಲಿ ಆಯ್ತೇನಕ್ಕ?" ಎಂದ.

ನಾನು ಬರೆದ ಇದನ್ನು ಅವನು ಓದಿದರೆ ಓದಲಿ. "ಇನ್ನೂ ಒಸಿ ಅದೆ ಕಣಪ್ಪ" ಎಂದೆ.