ಐದು ವಾಟಿನ ಆಂಪ್ಲಿಫೈಯರ್ ಮತ್ತು ಪದ್ಮಕ್ಕನ ಹುಳ

ಗೆಳೆಯರೇ, ಹೊಸ ಗಿಟಾರ್ ಆಂಪ್ಲಿಫೈಯರ್‌ನ ಒಳಗಿನ ಗಾಜಿನ ವಾಲ್ವ್ ಒಡೆದ ಹಾಗೆ ಕನಸು ಬಿದ್ದು ಎದ್ದೆ. ಹಾರೋಹಳ್ಳಿ ಫ್ಯಾಕ್ಟರಿಯ ಎರಡು ತಿಂಗಳ ಸಂಬಳ ಸುರಿದು ತಂದದ್ದು, ಇರುವುದು ಐದೇ ವಾಟ್. ಅಂಗಡಿಗೆ ವಾಪಸ್ ಕೊಡಲು ಇವತ್ತೇ ಕೊನೆ ದಿನ.

ನಮ್ಮ ಆರ್ಕೆಸ್ಟ್ರಾದ ತಬಲಾ ಸಿದ್ದರಾಜು ಬಂದು ನೋಡಿ, "ನಮ್ಮನೆ ಮಿಕ್ಸಿನೇ ಐನೂರು ವಾಟ್ ಐತೆ ಕಣ್ಲಾ. ಇದ್ರ ಸದ್ದು ಯಾರ್ಗ್ ಕೇಳ್ತದೆ?" ಎಂದ. ನಾನು ಅಂಗಡಿಯ ಬಿಲ್ಲು ಹುಡುಕಿ ಜೇಬಿಗೆ ಹಾಕಿಕೊಂಡೆ.

ಕೊಡುವ ಮುಂಚೆ ಒಂದು ಸಲ ನುಡಿಸಿದೆ. ತೋಟದಾಚೆಯ ರೇಷ್ಮೆ ಮನೆಯಿಂದ ಪದ್ಮಕ್ಕ ಓಡಿ ಬಂದರು.

"ಹುಳ ಪೊರೆ ಬಿಡಕ್ಕೆ ಜ್ವರಕ್ಕೆ ಕೂತವೆ, ಅಲ್ಲಾಡಿಸ್ಬಾರ್ದು. ತಟ್ಟೆಯೆಲ್ಲಾ ನಡುಗ್ತಾ ಅವೆ, ನಿಲ್ಸಪ್ಪಾ!"

ಬೈಸಿಕೊಂಡು ಇಷ್ಟು ಸಮಾಧಾನ ಯಾವತ್ತೂ ಆಗಿರಲಿಲ್ಲ. ವಾಪಸ್ ಕೊಡುವುದಿಲ್ಲ. ಆದರೂ ಐದೇ ವಾಟಿಗೆ ಇಷ್ಟು ಸದ್ದು ಎಂದರೆ ನಂಬಿಕೆ ಬರುತ್ತಿಲ್ಲ; ಅದರ ಹಿಂಭಾಗದ ಫೋಟೊ ಹಾಕಿದ್ದೇನೆ, ಒಮ್ಮೆ ನೋಡಿ ಹೇಳಿ: ಐದರ ಪಕ್ಕದಲ್ಲಿ ಸೊನ್ನೆ ಇಲ್ಲ ತಾನೇ?